ಪಾರ್ಟಿ ಆಫೀಸಿಗೆ ಹೋದ ಫರಸಿಗಳು

ಶಹಾಬಾದಿನ ನಮ್ಮ ಮನೆಯಲ್ಲಿ ಕಲ್ಲಲ್ಲದ್ದನ್ನು ಹುಡುಕುವುದು ಕಷ್ಟವಿತ್ತು. ನೆಲಕ್ಕೆ ಫರಸಿ, ಮಾಳಿಗೆಗೆ ಫರಸಿ, ಗೋಡೆಯ ಗೂಡುಗಳಿಗೆ ಫರಸಿಯ ಹಲಗೆ, ಬಚ್ಚಲಿನ ಮರೆಗೂ ನಿಲ್ಲಿಸಿದ ಎರಡು ಫರಸಿ. ಊರಿನ ಹೆಸರನ್ನು ದೂರದೂರಕ್ಕೆ ಒಯ್ದ ಆ ಬೂದುಬಣ್ಣದ ಹಾಸುಗಲ್ಲಿನ ಮೇಲೆಯೇ ನಾನು ಅಂಬೆಗಾಲಿಟ್ಟೆ, ಅದರ ಮೇಲೆಯೇ ಬಳಪದಿಂದ ಅಕ್ಷರ ತಿದ್ದಿದೆ. ಬೇಸಿಗೆಯಲ್ಲಿ ಮಾಳಿಗೆಯ ಕಲ್ಲು ಹಗಲೆಲ್ಲ ಕಾದು ಸಂಜೆಗೆ ಆ ಕಾವನ್ನೆಲ್ಲ ನಮ್ಮ ನೆತ್ತಿಗೆ ಇಳಿಸುತ್ತಿತ್ತು. ಆಗ ಅವ್ವ ನೆಲಕ್ಕೆ ಕೊಡಗಟ್ಟಲೆ ನೀರು ಚೆಲ್ಲುತ್ತಿದ್ದಳು. ಹಸಿಗಲ್ಲಿನಿಂದ ಏಳುವ ಆ ವಾಸನೆ ಈಗಲೂ ಎಲ್ಲಾದರೂ ಮೂಗಿಗೆ ಬಂದರೆ ನನಗೆ ಹಸಿವಾಗುತ್ತದೆ. ನೀರು ಆರುವ ಹೊತ್ತಿಗೆ ಸರಿಯಾಗಿ ಅವ್ವ ರೊಟ್ಟಿ ಬಡಿಯಲು ಕೂರುತ್ತಿದ್ದುದೇ ಅದಕ್ಕೆ ಕಾರಣ.

ಅಪ್ಪ ರೈಲು ಹಳಿಯ ಪಕ್ಕದ ಪಾಲಿಶ್ ಕಾರ್ಖಾನೆಯಲ್ಲಿ ಮೇಸ್ತ್ರಿ. ಸಂಜೆ ಮನೆಗೆ ಬಂದರೆ ಹುಬ್ಬು, ಮೀಸೆ, ಕಿವಿಯ ಅಂಚು ಎಲ್ಲ ಬೂದು. ಮುಖ ತೊಳೆದ ಮೇಲೆಯೇ ಇವನು ನಮ್ಮಪ್ಪ ಎಂದು ಖಾತ್ರಿಯಾಗುತ್ತಿತ್ತು. ಮುಖ ತೊಳೆದವನು ಚಹಾ ಕುಡಿಯುವ ಮೊದಲು ಪಡಸಾಲೆಯ ಗೂಡಿನಲ್ಲಿ ಮಡಚಿಟ್ಟ ಪಾರ್ಟಿಯ ಝಂಡಾದ ಧೂಳು ಕೊಡವುತ್ತಿದ್ದ. ಅಪ್ಪನಿಗೆ ಕಾರ್ಖಾನೆ ಹೊಟ್ಟೆಗಾದರೆ ಪಾರ್ಟಿ ಎದೆಗೆ. ಗೋಡೆ ಬರೆಯುವುದು, ಸಭೆಗೆ ಚಾಪೆ ಹಾಸುವುದು, ಕಾಳಗಿಯವರೆಗೆ ಸೈಕಲ್ಲು ತುಳಿದು ಜನ ಕೂಡಿಸುವುದು, ಎಲ್ಲ ಅವನದೇ. ಬದಲಿಗೆ ಅವನು ಒಂದನ್ನು ಮಾತ್ರ ಆಸೆಪಡುತ್ತಿದ್ದ: ಪುರಸಭೆಗೆ ನಿಲ್ಲಲು ನಮ್ಮ ವಾರ್ಡಿನ ಟಿಕೆಟ್ಟು. ಬಾಯಿ ಬಿಟ್ಟು ಕೇಳುತ್ತಿರಲಿಲ್ಲ. ಆದರೆ ಚುನಾವಣೆಯ ಸುದ್ದಿ ಬಂದಾಗೆಲ್ಲ ಟ್ರಂಕಿನಿಂದ ಬಿಳಿ ಅಂಗಿ ತೆಗೆಸಿ ಅವ್ವನಿಂದ ಇಸ್ತ್ರಿ ಮಾಡಿಸಿ ಇಡುತ್ತಿದ್ದ. ಅವ್ವ ಅದನ್ನು "ಟಿಕೆಟ್ ಅಂಗಿ" ಎಂದೇ ಕರೆಯುತ್ತಿದ್ದಳು.

ಪಾರ್ಟಿ ನಮ್ಮ ಮನೆಯೊಳಗೆ ಬಂದದ್ದು ಅಪ್ಪನಿಂದಲ್ಲ, ಅವನ ತಾಯಿಯಿಂದ, ಅಂದರೆ ನಮ್ಮ ಆಯಿಯಿಂದ. ಅಜ್ಜ ಸತ್ತ ಮೇಲೆ ಆಯಿ ಕಾಳಗಿಯ ಹತ್ತಿರ ಗೌಡರ ಹೊಲವನ್ನು ಪಾಲಿಗೆ ಮಾಡಿ ಮಕ್ಕಳನ್ನು ಸಾಕಿದವಳು. ಪಾರ್ಟಿಯ ಸರಕಾರ ಉಳುವವರಿಗೇ ಹೊಲ ಎಂಬ ಕಾನೂನು ತಂದಾಗ ಆ ಹೊಲ ಅವಳ ಹೆಸರಿಗಾಯಿತು. ರಾಜ್ಯದ ಇತಿಹಾಸ ಬರೆಯುವವರು ಭೂಸುಧಾರಣೆ, ಹಿಂದುಳಿದವರ ಮೀಸಲಾತಿ, ವಿದ್ಯಾರ್ಥಿವೇತನ ಎಂದೆಲ್ಲ ಅಧ್ಯಾಯ ಮಾಡಿ ಬರೆಯುತ್ತಾರೆ. ನಮಗೆ ಅವು ಅಡುಗೆಮನೆಯಲ್ಲಿ ಕಾಣುತ್ತಿದ್ದವು. ಆ ಹೊಲದ ಜೋಳ ರೊಟ್ಟಿಯಾಗಿ, ಆ ಹೊಲದ ತೊಗರಿ ಬೇಳೆಯಾಗಿ, ಬದುವಿನ ಪುಂಡಿ ಪಲ್ಯವಾಗಿ ನಮ್ಮ ತಾಟಿಗೆ ಬೀಳುತ್ತಿದ್ದವು. ಊಟಕ್ಕೆ ಕೂತಾಗ ಅಪ್ಪ ಮೊದಲ ತುತ್ತಿಗೆ ಶಿವನನ್ನು ನೆನೆದು, ಎರಡನೆಯದಕ್ಕೆ ಪಾರ್ಟಿಯನ್ನು ನೆನೆಯುತ್ತಿದ್ದ ಎಂದು ಅವ್ವ ಛೇಡಿಸುತ್ತಿದ್ದಳು. ಪೂರ್ತಿ ಸುಳ್ಳೇನೂ ಆಗಿರಲಿಲ್ಲ.

ಆದರೆ ಝಂಡಾ ಎಷ್ಟೇ ದೊಡ್ಡದಿದ್ದರೂ ಮನೆಯಲ್ಲಿ ಕಾನೂನು ಆಯಿಯದು. ಬಾಗಿಲ ಪಕ್ಕದಲ್ಲಿ ಒಂದು ದಪ್ಪ ಫರಸಿ ಹಾಕಿದ ಕಟ್ಟೆ ಇತ್ತು. ಸೋಮವಾರ ಸಂಜೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಿರುವಾಗಲೇ ಅವಳು ಅದರ ಮೇಲೆ ಬಂದು ಕೂರುವಳು. ಮನೆಯವರೆಲ್ಲ ಅವಳ ಸುತ್ತ. ಯಾರ ಮನಸ್ಸಿನಲ್ಲಿ ಏನು ಕುದಿಯುತ್ತಿದ್ದರೂ ಅಲ್ಲಿ ಕೇಳಬೇಕು. ಎಲ್ಲರಿಗಿಂತ ಸಣ್ಣವರು ಮೊದಲು ಕೇಳಬೇಕು, ದೊಡ್ಡವರು ಕಡೆಗೆ. ಯಾರಿಗೆ ಪ್ರಶ್ನೆ ಬಿದ್ದಿದೆಯೋ ಅವರು ಉತ್ತರ ಕೊಡುವ ತನಕ ಮನೆಯಲ್ಲಿ ತಾಟು ಹಾಕುವಂತಿಲ್ಲ. "ಶರಣರು ಹಿಂಗೇ ಕುಂತು ಮಾತಾಡ್ತಿದ್ರಂತ, ನಾವು ಅವರಕಿಂತ ದೊಡ್ಡವ್ರೇನು?" ಎನ್ನುವಳು. ಅವ್ವ ಅಪ್ಪನನ್ನು ಸಂತೆಯ ವಿಷಯಕ್ಕೆ ತರಾಟೆಗೆ ತೆಗೆದುಕೊಂಡದ್ದು, ನಾನು ಗಣಿತದ ಮಾಸ್ತರರ ಮೇಲೆ ದೂರು ಹೇಳಿದ್ದು, ಎಲ್ಲ ಆ ಕಟ್ಟೆಯ ಮುಂದೆಯೇ. ಮನೆಯ ಅತಿ ಸಣ್ಣವಳು ನಾನಾದ್ದರಿಂದ ಮೊದಲ ಮಾತು ಯಾವಾಗಲೂ ನನ್ನದು. ಮುಂದೆ ಎಷ್ಟೋ ಸಭೆಗಳಲ್ಲಿ ದೊಡ್ಡವರ ನಡುವೆ ಅಂಜದೆ ಎದ್ದು ನಿಂತಿದ್ದೇನೆ. ಆ ಧೈರ್ಯಕ್ಕೆ ಬೇರೆ ಯಾವ ಶಾಲೆಯೂ ಕಾರಣವಲ್ಲ.

ನನ್ನ ಅಕ್ಕ ಶಾಂತಾ ಸೇಡಂನ ಕಾಲೇಜಿಗೆ ಹೋಗುತ್ತಿದ್ದಳು. ಬೆಳಗಿನ ಪ್ಯಾಸೆಂಜರಿಗೆ ಶಹಾಬಾದಿನಲ್ಲಿ ಹತ್ತಿ, ವಾಡಿಯಲ್ಲಿ ಇಳಿದು ಬೇರೆ ಗಾಡಿ ಹಿಡಿದು, ಚಿತ್ತಾಪುರ ದಾಟಿ ಸೇಡಂ. ನಮ್ಮ ಓಣಿಯಿಂದ ಡಿಗ್ರಿಗೆ ಹೋದ ಮೊದಲ ಹುಡುಗಿ ಅವಳು. ಹಳಿ ಇದ್ದವರ ಕತೆ ಹೀಗೆ. ಹಳಿ ಇಲ್ಲದವರ ಕತೆ ಸುಲೇಪೇಟದ ಲಕ್ಷ್ಮಿಯದು. ಅಕ್ಕನ ಜೀವದ ಗೆಳತಿ. ಚಿಂಚೋಳಿ ಕಡೆಯ ಹುಡುಗಿಯರಿಗೆ ದಿನಾ ಹೋಗಿಬರುವ ಬಸ್ಸು ಕಾಲೇಜಿನ ಹೊತ್ತಿಗೆ ಇರಲಿಲ್ಲ, ಸೇಡಂನಲ್ಲಿ ಹುಡುಗರಿಗೆ ಹಾಸ್ಟೆಲ್ ಇತ್ತು, ಹುಡುಗಿಯರಿಗೆ ಇರಲಿಲ್ಲ. ಲಕ್ಷ್ಮಿ ಸಂಬಂಧಿಕರ ಮನೆಯಲ್ಲಿದ್ದು, ಅವರ ಮುಸುರೆ ತೊಳೆದು, ಕೂಸು ಆಡಿಸಿ, ಉಳಿದ ಹೊತ್ತಿನಲ್ಲಿ ಓದುತ್ತಿದ್ದಳು. ಆ ಸಂಬಂಧಿಕರಿಗೆ ಬೇರೆ ಊರಿಗೆ ವರ್ಗವಾಯಿತು. ಮುಂದಿನ ವರ್ಷಕ್ಕೆ ಇರಲು ಜಾಗ ಸಿಗದಿದ್ದರೆ ಓದು ಬಿಡಿಸಿ ಮದುವೆ ಎಂದು ಅವಳ ಮನೆಯವರು ಹೇಳಿಬಿಟ್ಟಿದ್ದರು.

ಅಕ್ಕನೂ ಪಾರ್ಟಿಯವಳೇ. ಕಾಲೇಜು ಸೇರಿದ ವಾರವೇ ಅಪ್ಪ ಹೆಮ್ಮೆಯಿಂದ ಅವಳನ್ನು ಪಾರ್ಟಿಯ ವಿದ್ಯಾರ್ಥಿ ಸಂಘಕ್ಕೆ ಸೇರಿಸಿದ್ದ. ಅವಳು ಸಂಘದ ಸಭೆಯಲ್ಲಿ ಹುಡುಗಿಯರ ಹಾಸ್ಟೆಲ್ಲಿನ ಮಾತು ಎತ್ತಿದಳು. ಆ ಹುಡುಗರು ಮುಂದೆ ನೋಡೋಣ ಎಂದು, ಸಮಾವೇಶಕ್ಕೆ ಬರುವ ಮುಖಂಡರಿಗೆ ಆರತಿ ಹಿಡಿಯುವ ಕೆಲಸ ಅವಳಿಗೆ ಹಚ್ಚಿದರು. ಅಕ್ಕ ಆರತಿ ಹಿಡಿದಳು. ಮನೆಗೆ ಬಂದು ತಾಟು ಬಡಿದಿಟ್ಟಳು. ಕಾಲೇಜಿನ ಯೂನಿಯನ್ ಚುನಾವಣೆ ಬಂದಾಗ ಸಂಘದ ಹುಡುಗನ ಎದುರು ತಾನೇ ನಿಂತಳು. ಆ ಹುಡುಗ ಬೇರೆ ಯಾರೂ ಅಲ್ಲ, ಚಿತ್ತಾಪುರದಲ್ಲಿದ್ದ ನಮ್ಮ ತಾಲೂಕು ಪಾರ್ಟಿ ಅಧ್ಯಕ್ಷರ ತಮ್ಮನ ಮಗ. ಅದೇ ಬೇಸಿಗೆಯಲ್ಲಿ ಪುರಸಭೆಯ ಚುನಾವಣೆಯ ಸುದ್ದಿಯೂ ಬಂದಿತ್ತು. ಅವ್ವ ಟಿಕೆಟ್ ಅಂಗಿಗೆ ಇಸ್ತ್ರಿ ಹಾಕಿದ್ದಳು.

ಪ್ರಚಾರಕ್ಕೆ ಅಕ್ಕನ ಕೈಯಲ್ಲಿ ಏನೂ ಇರಲಿಲ್ಲ. ಇದ್ದದ್ದು ಕಲ್ಲು. ಅಪ್ಪನ ಕಾರ್ಖಾನೆಯಲ್ಲಿ ಮೂಲೆ ಒಡೆದು ಬೇಡವಾದ ಫರಸಿಗಳನ್ನು ಹಳಿಯ ಕಡೆಗೆ ಸಾಲಾಗಿ ಒರಗಿಸಿ ಇಡುತ್ತಿದ್ದರು. ನಮ್ಮ ಕಡೆಯ ಹುಡುಗ ಹುಡುಗಿಯರೆಲ್ಲ ಬೆಳಗಿನ ಗಾಡಿಯ ಕಿಟಕಿಯಿಂದ ಅವನ್ನು ನೋಡುತ್ತಲೇ ಹೋಗುವವರು. ಅಲ್ಲಿ ಬರೆದರೆ ಓದದೆ ಎಲ್ಲಿಗೆ ಹೋಗುತ್ತಾರೆ? ಒಂದು ಭಾನುವಾರ ಅಪ್ಪ ಪಾರ್ಟಿ ಕೆಲಸಕ್ಕೆ ಕಾಳಗಿಗೆ ಹೋಗಿದ್ದ. ನಮ್ಮ ಮನೆಗೆ ಬಂದಿದ್ದ ಲಕ್ಷ್ಮಿ, ಅಕ್ಕ, ಮತ್ತು ಡಬ್ಬಿ ಹಿಡಿಯಲು ನಾನು, ಮೂವರೂ ಹೋದೆವು. ಡಬ್ಬಿಯಲ್ಲಿದ್ದದ್ದು ಗೋಡೆ ಬರೆದು ಉಳಿದ ಪಾರ್ಟಿಯದೇ ಬಣ್ಣ. ಗಟ್ಟಿಯಾಗಿತ್ತು, ಅವ್ವನ ಸ್ಟೋವಿನ ಸೀಮೆಎಣ್ಣೆ ಸುರಿದು ತೆಳುವು ಮಾಡಿದೆವು. ಬಿಸಿಲು ಇಳಿಯುವ ಹೊತ್ತಿಗೆ ಸಾಲಿನಲ್ಲಿ ಮುಂದೆ ಕಾಣುವ ಎಲ್ಲ ಕಲ್ಲುಗಳ ಮೇಲೂ ದೊಡ್ಡ ಅಕ್ಷರದಲ್ಲಿ "ಹುಡುಗಿಯರಿಗೂ ಹಾಸ್ಟೆಲ್ ಬೇಕು, ಶಾಂತಾಗೆ ಮತ ಕೊಡಿ" ಎಂದು ಎದ್ದು ನಿಂತಿತು. ಲಕ್ಷ್ಮಿ ಕುಣಿದಳು. ನಾನಂತೂ ಚುನಾವಣೆ ಗೆದ್ದೇ ಆಯಿತು ಎಂದುಕೊಂಡೆ.

ನಮಗೆ ತಿಳಿಯದ್ದು ಒಂದೇ. ಆ ಸಾಲಿನಲ್ಲಿ ಅಂದು ಇದ್ದವು ಒಡೆದ ಕಲ್ಲುಗಳಲ್ಲ. ಚಿತ್ತಾಪುರದಲ್ಲಿ ಪಾರ್ಟಿಯ ಹೊಸ ಆಫೀಸಿನ ನೆಲಕ್ಕೆಂದು ಅಧ್ಯಕ್ಷರು ಹೇಳಿ ಮಾಡಿಸಿದ ಫರಸಿಗಳು. ಸೋಮವಾರ ಬೇಗ ಲಾರಿಗೆ ಹೇರಬೇಕೆಂದು ಅಪ್ಪನೇ ಅವನ್ನು ಹೊರಗೆ ಒರಗಿಸಿ ಹೋಗಿದ್ದ. ಹಮಾಲರು ಬೆಳಗಾಗುವ ಮೊದಲೇ ಬಂದು ಹೇರಿದರು. ಪಾರ್ಟಿ ಆಫೀಸಿನ ಕಲ್ಲು, ಮೇಲೆ ಪಾರ್ಟಿಯ ಬಣ್ಣ. ಅಧ್ಯಕ್ಷರೇ ಏನೋ ಬರೆಸಿದ್ದಾರೆ ಎಂದುಕೊಂಡರಂತೆ. ಪಾಲಿಶ್ ಕೆಡದಿರಲಿ ಎಂದು ಫರಸಿಯನ್ನು ಮುಖಕ್ಕೆ ಮುಖ ಕೂಡಿಸಿ ಹೇರುವುದು ಪದ್ಧತಿ. ಸೀಮೆಎಣ್ಣೆ ಕುಡಿದ ಬಣ್ಣ ಒಣಗಿರಲಿಲ್ಲ.

ಸೋಮವಾರ ಮಧ್ಯಾಹ್ನ ಅಧ್ಯಕ್ಷರ ಜೀಪು ನಮ್ಮ ಓಣಿಗೆ ಬಂತು. ಅಧ್ಯಕ್ಷರು ಕೆಟ್ಟವರಲ್ಲ. ನಮ್ಮ ಮನೆಯ ಚುರುಮುರಿ ಸುಸಲಾ ಎಂದರೆ ಅವರಿಗೆ ಪ್ರಾಣ, ಬಂದಾಗಲೆಲ್ಲ ಅವ್ವನಿಂದ ಕೇಳಿ ಮಾಡಿಸಿಕೊಂಡು ತಿನ್ನುವವರು. ಅಂದು ಊಟಕ್ಕೆ ಮನೆಗೆ ಬಂದಿದ್ದ ಅಪ್ಪ "ಬರ್ರಿ ಸಾಹೇಬ್ರ, ಕುಂದ್ರಿ" ಎಂದು ಚಾಪೆ ಹಾಸಿದರೂ ಕೂರಲಿಲ್ಲ.

"ಶರಣಪ್ಪ, ನನ್ನ ಆಫೀಸಿಗಿ ಏನ್ ಕಳಿಸಿದೆಪ್ಪಾ?"

"ಫರಸಿ ಕಳ್ಸೀನ್ರಿ ಸಾಹೇಬ್ರ. ಯಾಕ್ರಿ, ಛಲೋ ಇಲ್ಲೇನ್ರಿ?"

"ಛಲೋ ಅವ! ಓದ್ಲಾಕ ಭಾಳ ಛಲೋ ಅವ! ಒಂದು ಕಲ್ಲಿನ ಮ್ಯಾಲ ಸೀದಾ ಬರ್ದದ, ಅದರ ಜೋಡಿ ಕಲ್ಲಿನ ಮ್ಯಾಲ ಅದೇ ಉಲ್ಟಾ ಮೂಡ್ಯದ. ಇಡೀ ಆಫೀಸಿನ್ಯಾಗ ನಿನ್ನ ಮಗಳಿಗೇ ಓಟು ಹಾಕು ಅಂತ ಬರ್ದು ಕುಂತದ. ಇಳಿಸ್ಲಾಕ ಬಂದ ಮಂದಿ ಹೊಟ್ಟಿ ಹಿಡ್ಕೊಂಡು ನಗ್ಲಿಕತ್ತಾರ!"

ಅಪ್ಪನ ಮುಖ ಬೂದು ತೊಳೆಯದೆಯೇ ಬೆಳ್ಳಗಾಯಿತು. ಒಳಗೆ ಅವ್ವ ಸೆರಗು ಬಾಯಿಗೆ ತುರುಕಿಕೊಂಡಳು, ನಗುವಿಗೋ ಗಾಬರಿಗೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಧ್ಯಕ್ಷರು ದನಿ ತಗ್ಗಿಸಿದರು.

"ನೋಡಪ್ಪಾ, ಕಲ್ಲಿಂದು ಬಿಡು. ಪೋರಿ ತಿಳೀದೆ ಮಾಡ್ಯಾಳ. ಆದ್ರ ಆಕಿ ಹೆಸರು ವಾಪಸ್ ತಗೋಬೇಕು. ನಮ್ಮ ಪಾರ್ಟಿ ಮಂದಿ ಮಗಳೇ ನಮ್ಮ ಹುಡುಗನ ಎದುರಿಗಿ ನಿಂತ್ರ ನನ್ನ ಇಜ್ಜತ್ ಏನು ಉಳೀತು? ಈ ಸಲ ನಿನ್ನ ವಾರ್ಡಿನ ಟಿಕೆಟ್ ನಿಂದೇ ಅಂತ ಮ್ಯಾಲಿನವ್ರಿಗಿ ನಾನೇ ಹೇಳೀನಿ. ಮಗಳಿಗಿ ಸಮಜಾಯ್ಸು."

ಜೀಪು ಹೋಯಿತು. ಅಪ್ಪ ಕಾರ್ಖಾನೆಗೆ ತಿರುಗಿ ಹೋಗಲಿಲ್ಲ. ಗೂಡಿನ ಝಂಡಾದ ಧೂಳೂ ಕೊಡವಲಿಲ್ಲ. ಅಕ್ಕ ಗಾಡಿ ಇಳಿದು ಬಂದಾಗ ಒಂದೇ ಮಾತು ಹೇಳಿದ: "ನಾಳಿ ಹೆಸರು ವಾಪಸ್ ತಗೋ." ಅವ್ವ ಇಬ್ಬರನ್ನೂ ನೋಡಿ ಹಿಟ್ಟು ನಾದಲು ಕೂತಳು. ಅಷ್ಟರಲ್ಲಿ ಆಯಿ ಪೂಜೆ ಮುಗಿಸಿ ಬಂದು ಕಟ್ಟೆಯ ಮೇಲೆ ಕೂತಳು. ಅಂದು ಸೋಮವಾರ ಎಂಬುದು ನಮಗೆಲ್ಲ ಆಗ ನೆನಪಾಯಿತು.

ಮೊದಲ ಮಾತು ನನ್ನದು. ಅಪ್ಪನಿಗೆ ಕೇಳಿದೆ.

"ಅಪ್ಪಾ, ಹಾಸ್ಟೆಲ್ ಬ್ಯಾಡಂತ ಅಧ್ಯಕ್ಷರು ಯಾಕಂದ್ರು?"

"ಹಾಸ್ಟೆಲ್ ಬ್ಯಾಡಂತ ಅವ್ರೆಲ್ಲಿ ಅಂದಾರ?"

"ಮತ್ತ ಅಕ್ಕ ಅದನೇ ಕೇಳ್ಯಾಳಲ್ಲ?"

ಅಪ್ಪ ಅಕ್ಕನ ಕಡೆ ತಿರುಗಿ ತನ್ನ ಸರದಿಯಲ್ಲದ ಪ್ರಶ್ನೆ ಹಾಕಿದ. ಆಯಿ ತಡೆಯಲಿಲ್ಲ.

"ಖರೇ ಹೇಳು ಶಾಂತಾ. ನೀ ಗೆಲ್ತೀಯೇನು?"

"ಗೆಲ್ಲಲ್ಲಪ್ಪ. ಹುಡುಗ್ರು ಭಾಳ ಅದಾರ."

"ಸೋಲೋದು ಗೊತ್ತಿದ್ದೂ ಯಾಕ ನಿಂದ್ರತಿ? ನನ್ನ ಕೈಯಾಗಿಂದೂ ಹೋಗ್ತದಲ್ಲ?"

"ಸೋತ್ರ ಮರುದಿನ ಕಾಲೇಜಿಗಿ ಹೋಗ್ತೀನಿ. ವಾಪಸ್ ತಗೊಂಡ್ರ ಲಕ್ಷ್ಮಿ ಮುಂದ ಹ್ಯಾಂಗ ಹೋಗ್ಲಿ? ನೀನೇ ಹೇಳಪ್ಪಾ."

ಅಕ್ಕನ ಕಣ್ಣು ತುಂಬಿತು. ಅಪ್ಪನದೂ. ಒಳಗೆ ಹಂಚಿನ ಮೇಲೆ ರೊಟ್ಟಿ ಕರಕಾಗುವ ವಾಸನೆ ಬಂದರೂ ಅವ್ವ ಎದ್ದು ಹೋಗಲಿಲ್ಲ. ಅವಳೂ ತನ್ನ ಸರದಿಯದು ಕೇಳಿದಳು. "ಟಿಕೆಟ್ ಬಂತಂತ ತಿಳ್ಕೋ. ಆ ಅಂಗಿ ಹಾಕ್ಕೊಂಡು ಮೊದ್ಲು ಯಾರ ಮುಂದ ಬಂದು ನಿಂದ್ರತಿ? ಈ ಪೋರಿ ಮುಂದೇ ಅಲ್ಲೇನು?" ಅಪ್ಪ ತಲೆ ತಗ್ಗಿಸಿ ನೆಲದ ಕಲ್ಲನ್ನು ಅಂಗೈಯಿಂದ ಸವರತೊಡಗಿದ. ಪಾಲಿಶ್ ಸರಿಯಾಗಿದೆಯೋ ಇಲ್ಲವೋ ಎಂದು ನೋಡುವಾಗಿನ ಅವನ ಚಾಳಿ ಅದು. ಕೊನೆಗೆ ಬಾಯಿ ಬಿಟ್ಟ.

"ಎವ್ವಾ, ನೀನಾರ ಹೇಳು. ನಮಗ ಹೊಲ ಕೊಟ್ಟ ಪಾರ್ಟಿ ಇದು. ಉಂಡ ಮನಿಗಿ ಎದುರು ಬೀಳ್ಲೇನು ನಾ?"

ಆಯಿ ಆಗ ಹೇಳಿದ್ದನ್ನು ಅದಕ್ಕೂ ಮೊದಲು ಎಂದೂ ಹೇಳಿರಲಿಲ್ಲ. ಹೊಲದ ಕತೆಯನ್ನು ನಾವು ಕೇಳುತ್ತಲೇ ಬೆಳೆದಿದ್ದೆವು, ಆದರೆ ಅದರ ಈ ಭಾಗವನ್ನಲ್ಲ.

"ಉಂಡ ಮನಿ ಅಂದ್ರ ನನಗ ಗೌಡ್ರ ಮನಿನೂ ಉಂಡ ಮನೀನೇ. ಬರ ಬಿದ್ದಾಗ ಅವ್ರ ಮನಿ ಜೋಳ ತಂದೇ ನಿಮಗ ಗಂಜಿ ಕಾಸೀನಿ. ಹೊಲದ ಪಂಚಾಯ್ತಿಗಿ ಹೋದಾಗ ಗೌಡ್ರು ಎದುರಿಗೇ ಕುಂತಿದ್ರು. ಸಾಹೇಬ ಕೇಳಿದ, ಈ ಹೊಲ ನೀ ಉಳ್ತೀಯೇನು ಅಂತ. ನನ್ನ ಬಾಯಾಗ ಮಾತೇ ಬರ್ಲಿಲ್ಲ. ಇಲ್ಲ ಅಂದು ಹೊಳ್ಳಿ ಹೋಗೋಣಂತ ಮನಸಿನ್ಯಾಗ ಮಾಡಿದ್ದೆ. ಆಗ ಕಾಲೇಜ್ ಓದೋ ಒಂದು ಹುಡುಗಿ, ಊರೂರು ತಿರಗಿ ಕಾನೂನು ಹೇಳ್ತಿದ್ಳು, ನನ್ನ ಹಿಂದೇ ನಿಂತಿದ್ಳು. ಕಿವ್ಯಾಗ ಅಂದ್ಳು, 'ಆಯಿ, ಅವ್ರು ಮಾಡಿದ ಉಪಕಾರಕ್ಕ ಕೈ ಮುಗೀರಿ. ಆದ್ರ ನಿಮ್ಮ ಹಕ್ಕು ಹೇಳ್ರಿ' ಅಂತ. ನಾ ಗೌಡ್ರಿಗಿ ಕೈ ಮುಗ್ದೆ. ಹೂಂ, ನಾನೇ ಉಳ್ತೀನಿ ಅಂದೆ."

ಆಯಿ ಅಪ್ಪನ ಕಡೆ ತಿರುಗಿದಳು.

"ಅವತ್ತು ನಾ ಬರೇ ಉಪಕಾರ ನೋಡಿದ್ರ ಹೊಲ ಎಲ್ಲಿದಪ್ಪಾ? ನಿನ್ನ ಪಾರ್ಟಿ ಎಲ್ಲಿದು? ನಿನ್ನ ಅಧ್ಯಕ್ಷರಿಗಿ ಕೈ ಮುಗಿ. ಇವ್ಳ ಹಕ್ಕು ಇವ್ಳು ಕೇಳ್ಲಿ."

ತಾಟುಗಳು ಗೂಡಿನಲ್ಲೇ ಇದ್ದವು. ನನಗೆ ಹೊಟ್ಟೆ ತಾಳ ಹಾಕುತ್ತಿತ್ತು, ಆದರೆ ಯಾರೂ ಅಲುಗಲಿಲ್ಲ. ಆಮೇಲೆ ಅಪ್ಪ ಎದ್ದು ಒಳಗೆ ಹೋದ. ಟಿಕೆಟ್ ಅಂಗಿಯನ್ನು ಮೊಳೆಯಿಂದ ತೆಗೆದು, ಮಡಿಕೆ ಕೆಡದ ಹಾಗೆ ಮಡಚಿ, ಟ್ರಂಕಿನಲ್ಲಿಟ್ಟು ಮುಚ್ಚಳ ಹಾಕಿದ. ಹೊರಗೆ ಬಂದು ಅವ್ವನಿಗೆ, "ತಾಟು ಹಾಕು" ಎಂದ. ಕರಕಾದ ಆ ರೊಟ್ಟಿಯನ್ನು ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು ಅವನೇ ತಿಂದ. ಅಕ್ಕ ಅವನ ಪಕ್ಕದಲ್ಲಿ ಕೂತು ಅಳುತ್ತಲೇ ಉಂಡಳು.

ಮರುದಿನ ಅಪ್ಪ ಚಿತ್ತಾಪುರಕ್ಕೆ ಹೋಗಿ ಅಧ್ಯಕ್ಷರಿಗೆ ಕೈ ಮುಗಿದು, ಮಗಳಿಗೆ ಹೇಳುವುದು ನನ್ನಿಂದ ಆಗುವುದಿಲ್ಲ ಎಂದು ಹೇಳಿ ಬಂದ. ಟಿಕೆಟ್ಟು ಬೇರೆಯವರಿಗೆ ಹೋಯಿತು. ಓಣಿಯ ಜನ ಅವನು ಪಾರ್ಟಿ ಬಿಡುತ್ತಾನೆ ಎಂದು ಕಾದರು. ಅವನು ಗೂಡಿನ ಝಂಡಾ ತೆಗೆದುಕೊಂಡು, ಟಿಕೆಟ್ಟು ಸಿಕ್ಕವನ ಹಿಂದೆಯೇ ಓಣಿ ಓಣಿ ತಿರುಗಿದ. ಅವ್ವ ಸಿಟ್ಟಾದರೆ, "ಹೊಲ ಕೊಟ್ಟದ್ದು ಸುಳ್ಳಾಗ್ತದೇನು?" ಎಂದ. ಆಮೇಲೂ ಎಷ್ಟೋ ಚುನಾವಣೆ ಬಂದವು. ಆ ಅಂಗಿಯನ್ನು ಅವನು ತೊಟ್ಟದ್ದು ಅಕ್ಕನ ಮದುವೆಯಲ್ಲಿ.

ಅಕ್ಕ ಅಂದುಕೊಂಡಂತೆ ಸೋತಳು. ಆದರೆ ಉಲ್ಟಾ ಸೀದಾ ಫರಸಿಗಳ ಕತೆ ಚಿತ್ತಾಪುರದಿಂದ ಹೊರಟು ಬೆಳಗಿನ ಗಾಡಿಯ ಎಲ್ಲ ಡಬ್ಬಿಗಳಲ್ಲೂ ಹರಡಿತ್ತು. ನಗುತ್ತ ಹೇಳಿದವರೂ ಹಾಸ್ಟೆಲ್ ಎಂಬ ಮಾತನ್ನು ಬಿಟ್ಟು ಅದನ್ನು ಹೇಳುವಂತಿರಲಿಲ್ಲ. ಗೆದ್ದ ಹುಡುಗ ತನ್ನ ಮೊದಲ ಭಾಷಣದಲ್ಲೇ ಅದನ್ನು ಎತ್ತಬೇಕಾಯಿತು. ಅವನ ಹಿಂದೆ ಬಿದ್ದು ಕೆಲಸ ಮಾಡಿಸಿದವಳು ಸೋತ ನಮ್ಮ ಅಕ್ಕ. ಅಧ್ಯಕ್ಷರೂ ಮೇಲಿನವರ ಹತ್ತಿರ ಹೋಗಿ ಬಂದರು. ಸೇಡಂನಲ್ಲಿ ಒಂದು ಹಳೆಯ ಮನೆ ಹಿಡಿದು ಹುಡುಗಿಯರ ಹಾಸ್ಟೆಲ್ ಶುರು ಮಾಡಿದರು. ನೆಲ ಮಣ್ಣಿನದಾಗಿತ್ತು. ಒಂದು ದಿನ ಅಧ್ಯಕ್ಷರು ಮನೆಗೆ ಬಂದು, ಸುಸಲಾ ತಿಂದು, ಕೈ ತೊಳೆಯುತ್ತ ಅಪ್ಪನಿಗೆ ಹೇಳಿದರು.

"ಶರಣಪ್ಪ, ಆ ಕಲ್ಲು ಹಂಗೇ ಅವ ನೋಡು. ಆಫೀಸಿನ್ಯಾಗ ಹಾಸ್ಲಾಕ ಮನಸಾಗ್ಲಿಲ್ಲ. ಆ ಪೋರ್ಗಳ ಹಾಸ್ಟೆಲಿಗಿ ಹಾಸಿ ಬಿಡು."

ಅಪ್ಪ ಅವನ್ನು ಮರಳಿ ತರಿಸಿ, ಒಂದೊಂದನ್ನೂ ಮತ್ತೆ ಪಾಲಿಶ್ ಹಿಡಿದು ಬಣ್ಣ ತೆಗೆದ. ಸೇಡಂಗೆ ಹೋಗಿ ತಾನೇ ನಿಂತು ಹಾಸಿಸಿದ. ಆ ನೆಲದ ಮೇಲೆ ಮೊದಲು ಹಾಸಿಗೆ ಬಿಡಿಸಿದವಳು ಸುಲೇಪೇಟದ ಲಕ್ಷ್ಮಿ. ಅವಳು ಓದು ಮುಗಿಸಿ ಚಿಂಚೋಳಿ ಪಕ್ಕದ ಚಂದಾಪುರದ ಆಫೀಸೊಂದರಲ್ಲಿ ನೌಕರಿ ಮಾಡಿದಳು. ಇವತ್ತಿಗೂ ತೊಗರಿ ರಾಶಿಯಾದಾಗ ನಮಗೆ ಬೇಳೆ ಕಳಿಸುತ್ತಾಳೆ.

ವಿದ್ಯಾರ್ಥಿಗಳು ಪಾರ್ಟಿ ರಾಜಕೀಯಕ್ಕೆ ಇಳಿಯಬೇಕೋ ಬೇಡವೋ ಎಂದು ಈಗಲೂ ಸಭೆಗಳಲ್ಲಿ ನನ್ನನ್ನು ಕೇಳುತ್ತಾರೆ. ಓದುವ ಒಂದು ಹುಡುಗಿ ಆಯಿಯ ಕಿವಿಯಲ್ಲಿ ಮಾತು ಹೇಳದಿದ್ದರೆ ನಮಗೆ ಅನ್ನವಿರುತ್ತಿರಲಿಲ್ಲ, ಓದುವ ಇನ್ನೊಂದು ಹುಡುಗಿ ಕಲ್ಲಿನ ಮೇಲೆ ಬರೆಯದಿದ್ದರೆ ನನಗೆ ಓದಿರುತ್ತಿರಲಿಲ್ಲ. ನನ್ನ ಬಳಿ ಇರುವ ಉತ್ತರ ಇಷ್ಟೇ. ಆ ಮನೆಗೆ, ಆ ಕಟ್ಟೆಗೆ, ಬೈಯುತ್ತಲೇ ಕಲ್ಲು ಕೊಟ್ಟ ಆ ಅಧ್ಯಕ್ಷರಿಗೂ ನಾನು ಋಣಿ. ಎಲ್ಲರಿಗಿಂತ ಹೆಚ್ಚು, ಒಂದು ಅಂಗಿಯನ್ನು ಮಡಚಿಟ್ಟ ನನ್ನ ಅಪ್ಪನಿಗೆ.

ನಾನು ಸೇಡಂ ಕಾಲೇಜು ಸೇರುವ ಹೊತ್ತಿಗೆ ಗಾಡಿಯ ವೇಳೆ ಬದಲಾಗಿ, ದಿನಾ ಹೋಗಿಬರುವುದು ಆಗದೆ ನಾನೂ ಅದೇ ಹಾಸ್ಟೆಲ್ಲಿಗೆ ಬಂದೆ. ಬಿಡಲು ಬಂದ ಅಪ್ಪ ಟ್ರಂಕು ಇಳಿಸಿ ನೆಲದ ಮೇಲೆ ಕೂತು, ಅಂಗೈಯಿಂದ ಕಲ್ಲನ್ನು ಸವರಿ ನೋಡಿದ. ಎಷ್ಟೋ ಹುಡುಗಿಯರ ಕಾಲು ತಾಗಿ ಅದು ಮೊದಲಿಗಿಂತ ನುಣುಪಾಗಿತ್ತು. ಅವ್ವ ಕಟ್ಟಿಕೊಟ್ಟ ಬುತ್ತಿ ಬಿಚ್ಚುತ್ತಿದ್ದವನಿಗೆ ನಾನು ಕೇಳಿದೆ.

"ಅಪ್ಪಾ, ಇಲೆಕ್ಷನ್ ಬಂದ್ರ ನಾನೂ ನಿಂದರ್ಲೇನು?"

ಅವನ ಕೈ ಬುತ್ತಿಯ ಮೇಲೆಯೇ ನಿಂತಿತು. ಅಂದು ಸೋಮವಾರವಲ್ಲ, ಆಯಿ ಇರಲಿಲ್ಲ, ಕಟ್ಟೆಯೂ ಇರಲಿಲ್ಲ. ಆದರೂ ಅಪ್ಪ ಉತ್ತರ ಕೊಡದೆ ರೊಟ್ಟಿ ಮುರಿಯಲಿಲ್ಲ.

"ನಿಂದ್ರು" ಎಂದ. "ಆದ್ರ ಈ ಸಲ ಬಣ್ಣ ಪೂರಾ ಒಣಗ್ಲಾಕ ಬಿಡು."